ಮಂಡಿಯೂರಿದ ನಿಖತ್ ಅಕ್ಕ

ರಾಷ್ಟ್ರಗೀತೆಗೆ ನಿಖತ್ ಅಕ್ಕನಷ್ಟು ನೇರವಾಗಿ ನಿಲ್ಲುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಮೆರಿಕದ ನಾರ್‌ಕ್ರಾಸ್‌ ಊರಿನ ಬಾಡಿಗೆ ಸಭಾಂಗಣದಲ್ಲಿ ನಮ್ಮ ಕನ್ನಡ ಸಂಘದ ಸ್ವಾತಂತ್ರ್ಯೋತ್ಸವ ನಡೆಯುವಾಗ ಮೊದಲು ಅಮೆರಿಕದ ಗೀತೆ, ಅನಂತರ ಭಾರತದ್ದು, ಕೊನೆಗೆ ನಮ್ಮ ನಾಡಗೀತೆ. ಮೂರನೆಯದು ಮುಗಿಯುವಷ್ಟರಲ್ಲಿ ಹಿರಿಯರು ಕುರ್ಚಿಯ ಬೆನ್ನು ಹಿಡಿದಿರುತ್ತಿದ್ದರು, ಮಕ್ಕಳು ಸಮೋಸದ ತಟ್ಟೆಗಳತ್ತ ಹೊರಳಿರುತ್ತಿದ್ದರು. ಅಕ್ಕ ಮಾತ್ರ ಹಿಮ್ಮಡಿ ಕೂಡಿಸಿ, ಹೆಬ್ಬೆರಳನ್ನು ಚೂಡಿದಾರದ ಹೊಲಿಗೆಗೆ ಒತ್ತಿ ನಿಂತಿರುತ್ತಿದ್ದಳು. ಅಷ್ಟೊಂದು ಬಿಗಿ ಏಕೆಂದು ಒಮ್ಮೆ ಕೇಳಿದ್ದೆ.

"ಅಭ್ಯಾಸ ಕಣೇ. ಸ್ಕೂಲಲ್ಲಿ ನೀನು ಕೈ ಕೆರ್ಕೊಂಡ್ರೆ ಸೊಳ್ಳೆ ಕಚ್ತು ಅಂತಾರೆ. ನಾನು ಕೆರ್ಕೊಂಡ್ರೆ ದೇಶಭಕ್ತಿ ಇಲ್ಲ ಅಂತಾರೆ. ಅದಕ್ಕೇ ಸೊಳ್ಳೆಗೂ ಬಿಟ್ಟುಕೊಟ್ಟು ನಿಂತಿದೀನಿ."

ಹೀಗೆ ಹೇಳಿ ನಕ್ಕವಳು ಮೈಸೂರಿನ ಉದಯಗಿರಿಯವಳು. ಲಾರೆನ್ಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ನಾವಿಬ್ಬರೂ ಮೂರು ವರ್ಷ ಒಂದೇ ಅಡುಗೆಮನೆ ಹಂಚಿಕೊಂಡಿದ್ದೆವು. ಅವಳು ಮಹಿಳೆಯರ ಬಾಸ್ಕೆಟ್‌ಬಾಲ್ ತಂಡವೊಂದರ ಫಿಸಿಯೋಥೆರಪಿಸ್ಟ್. ದೊಡ್ಡ ಲೀಗಿನದಲ್ಲ, ಆಟಗಾರ್ತಿಯರಿಗೆ ಅಷ್ಟಿಷ್ಟು ಸಂಬಳ ಸಿಗುವ, ಕ್ಯಾಮೆರಾದವರು ಅಪರೂಪಕ್ಕೆ ಬರುವ ಸಣ್ಣ ಲೀಗು. ಹೊಸ ಬಗೆಯ ಪಟ್ಟಿ ಕಟ್ಟುವುದನ್ನು ಅವಳು ಮೊದಲು ನನ್ನ ಮಂಡಿಯ ಮೇಲೆಯೇ ಅಭ್ಯಾಸ ಮಾಡುತ್ತಿದ್ದಳು. "ಪೇಷಂಟನ್ನ ಎಲ್ಲಿ ನೋವು ಅಂತ ಕೇಳಬಾರದು. ಎಲ್ಲಿ ಮುಟ್ಟಕ್ಕೆ ಬಿಡಲ್ಲ ಅಂತ ನೋಡ್ಬೇಕು" ಎನ್ನುವುದು ಅವಳ ವೃತ್ತಿಧರ್ಮ. ಆಡಿದ ಮೇಲೆ ಆ ಮಾತನ್ನು ವಿವರಿಸುವ ಗೋಜಿಗೆ ಅವಳು ಹೋಗುತ್ತಿರಲಿಲ್ಲ.

ಎಲ್ಲರ ಮುಖದ ಮೇಲೂ ಮಾಸ್ಕ್ ಇದ್ದ 2021ರ ಬೇಸಿಗೆಯಲ್ಲಿ ಆ ತಂಡದ ಆಟಗಾರ್ತಿಯರು ಕಪ್ಪು ಜನರ ಮೇಲಿನ ಪೊಲೀಸರ ದೌರ್ಜನ್ಯವನ್ನು ರಾಷ್ಟ್ರಗೀತೆಯ ಹೊತ್ತಿನಲ್ಲಿ ಒಂದು ಮಂಡಿಯೂರಿ ಪ್ರತಿಭಟಿಸಲು ತೀರ್ಮಾನಿಸಿದರು. ಮೋನೀಕ್ ಎಂಬ ಕಪ್ಪು ಹುಡುಗಿ ಅವರ ನಾಯಕಿ. ಸೌತ್ ಕ್ಯಾರೊಲೈನಾದ ಅವಳ ಊರಿನಲ್ಲಿ ಪೊಲೀಸರು ಅವಳ ತಮ್ಮನನ್ನು ಕಾರಿನಿಂದಿಳಿಸಿ ಕಾದ ಡಾಂಬರಿನ ಮೇಲೆ ಬೋರಲು ಮಲಗಿಸಿದ್ದರು. ಹಿಂದಿನ ಸೀಟಿನಲ್ಲಿದ್ದ ತಾಯಿ ಅದನ್ನು ನೋಡುತ್ತ ಕುಳಿತಿರಬೇಕಾಯಿತು. ಆದರೆ ಮೋನೀಕಳ ಮಂಡಿಗೆ ಆಗಷ್ಟೇ ಶಸ್ತ್ರಚಿಕಿತ್ಸೆಯಾಗಿತ್ತು. ಹೇಗೋ ಕೆಳಗಿಳಿಯಬಲ್ಲಳು, ಮೇಲೇಳಲು ಒಂದು ಹೆಗಲು ಬೇಕಿತ್ತು. ಆ ಹೆಗಲು ಅಕ್ಕನದು. ಮೊದಲ ಎರಡು ಪಂದ್ಯಗಳಲ್ಲಿ ಅಕ್ಕ ಅವಳ ಹಿಂದೆ, ತನ್ನ ಎಂದಿನ ಬಿಗಿಯಲ್ಲಿ, ನೇರವಾಗಿ ನಿಂತಿದ್ದಳು. ಗೀತೆ ಮುಗಿದ ಮೇಲೆ ಬಗ್ಗಿ ಅವಳನ್ನು ಎತ್ತಿದಳು. ಮೂರನೆಯ ಪಂದ್ಯದಲ್ಲಿ, ಗೀತೆಯ ಮೊದಲ ಸಾಲಿನಲ್ಲೇ, ಅಕ್ಕನೂ ಪಕ್ಕದಲ್ಲಿ ಮಂಡಿಯೂರಿದಳು. ಕ್ಯಾಮೆರಾದವರು ಅಂದೇ ಬಂದಿದ್ದರು.

ಮರುದಿನವೇ ಆ ಚಿತ್ರ ಸಂಘದ ವಾಟ್ಸಾಪ್ ಗುಂಪಿನಲ್ಲಿತ್ತು. ಕೆಳಗೆ ಯಾರೋ ಬರೆದಿದ್ದರು: "ಅನ್ನ ಹಾಕಿದ ದೇಶಕ್ಕೆ ಇದೇನಾ ಮರ್ಯಾದೆ?" ಇತ್ತ ತಂಡದ ಮ್ಯಾನೇಜರ್ ಅವಳನ್ನು ಕರೆಸಿ, ಪ್ರಾಯೋಜಕರು ಮುನಿದಿದ್ದಾರೆ, ರೋಗಿಗೆ ನೆರವಾಗಲು ಕುಳಿತೆ ಎಂದೊಂದು ಮಾತು ಹೇಳಿದರೆ ಮುಂದಿನ ವರ್ಷದ ಒಪ್ಪಂದಕ್ಕೆ ತೊಂದರೆಯಿಲ್ಲ ಎಂದರು. ಒಪ್ಪಂದ ಹೋದರೆ ವೀಸಾವೂ ಹೋಗುತ್ತದೆ. ನಮ್ಮ ವಂಶದಲ್ಲೇ ಪದವಿ ಪಡೆದ ಮೊದಲಿಗಳು ನಾನು, ಅಂಥದೇ ವೀಸಾದಲ್ಲಿ ಇಲ್ಲಿಗೆ ಬಂದವಳು. ಆ ಎರಡಕ್ಷರ ಕೇಳಿದರೆ ಇಂದಿಗೂ ನಾನು ಎದ್ದುಹೋಗಿ ನನ್ನ ಪಾಸ್‌ಪೋರ್ಟಿನಲ್ಲಿ ತಾರೀಖು ನೋಡಿಕೊಳ್ಳುತ್ತೇನೆ.

ಸಂಘದ ಅಧ್ಯಕ್ಷರಾದ ಶ್ರೀನಿವಾಸ್ ಅಂಕಲ್ ಆ ಭಾನುವಾರ ಮನೆಗೆ ಬಂದರು. ಒಳ್ಳೆಯವರು. ಅಕ್ಕನಿಗೆ ಡ್ರೈವಿಂಗ್ ಕಲಿಸಿದವರೇ ಅವರು. ಸೋಫಾದ ತುದಿಯಲ್ಲಿ ಕುಳಿತು, ಚಹಾ ತಣ್ಣಗಾಗಲು ಬಿಟ್ಟರು.

"ನೋಡಮ್ಮ, ನಾವಿಲ್ಲಿ ಗೆಸ್ಟ್ಸು. ಅವರ ಮನೆ ಜಗಳದಲ್ಲಿ ನಾವ್ಯಾಕೆ?"

"ಅಂಕಲ್, ಇಷ್ಟೊಂದು ಟ್ಯಾಕ್ಸ್ ಕಟ್ಟೋ ಗೆಸ್ಟನ್ನ ನಾನೆಲ್ಲೂ ನೋಡಿಲ್ಲ."

ಅವರು ನಗಲಿಲ್ಲ. "ಡ್ಯೂಟಿ ಮಾಡ್ತಿದ್ದೆ ಅಂದ್ಬಿಡು. ಸುಳ್ಳಂತೂ ಅಲ್ವಲ್ಲ."

"ಡ್ಯೂಟಿಗೆ ಆಮೇಲೆ ಬಗ್ಗಿದ್ರೆ ಸಾಕಿತ್ತು. ಎರಡು ಮ್ಯಾಚ್ ಹಾಗೇ ಮಾಡಿದ್ದೆ."

"ಆ ಹುಡುಗೀನೇ ಹೇಳ್ತಿದಾಳಂತೆ, ಹಾಗೇ ಹೇಳಿ ಬಚಾವಾಗು ಅಂತ."

"ಹೇಳಿದ್ಲು. ಅವಳ ಮಂಡಿಗೆ ನಾನು ಡಾಕ್ಟರು ಅಂಕಲ್. ನನ್ನ ಮಂಡಿಗೆ ಅವಳಲ್ಲ."

ಅಂಕಲ್ ಅತ್ಯಂತ ಮೆಲ್ಲಗೆ ಕೇಳಿದರು: "ಇಂಡಿಯಾದಲ್ಲಾಗಿದ್ರೆ ಹೀಗೆ ಕೂರ್ತಿದ್ಯಾ?"

ಅಕ್ಕನ ಮುಖ ಬದಲಾದದ್ದು ಆಗ. "ಇಲ್ಲ. ಅಲ್ಲಿ ನಾನು ನಿಲ್ತೀನಿ. ಯಾಕೆ ನಿಲ್ತೀನಿ ಅಂತ ನೀವು ಯಾವತ್ತಾದ್ರೂ ಕೇಳಿದೀರಾ? ಯಾರೂ ಕೇಳಲ್ಲ. ಭಕ್ತಿಗೆ ನಿಂತ್ರೂ ಭಯಕ್ಕೆ ನಿಂತ್ರೂ ಫೋಟೋದಲ್ಲಿ ಒಂದೇ ಥರ ಕಾಣತ್ತೆ. ಆ ಎರಡು ಮ್ಯಾಚಲ್ಲೂ ಮೋನೀಕ್ ಬೆನ್ನು ನೋಡ್ತಾ ನಿಂತಿದ್ದೆ. ಅಷ್ಟು ಹೊತ್ತು ಅಲ್ಲಾಡಲಿಲ್ಲ ಅವಳು. ಎಲ್ಲಾ ಕಡೆಯಿಂದ ಬೂ ಅಂತಿದಾರೆ. ಈ ದೇಶ ಬೇಡ ಅನ್ನೋಳು ಇಷ್ಟು ನೋವು ತಿಂದ್ಕೊಂಡು ಇಲ್ಲಿ ಯಾಕೆ ಕೂರ್ತಾಳೆ? ಎದ್ದು ಮನೆಗೆ ಹೋಗ್ತಿದ್ಲು."

ಅಂಕಲ್ ಚಹಾ ಮುಟ್ಟದೆ ಎದ್ದರು. ಬಾಗಿಲ ಬಳಿ ಅಕ್ಕನ ತಲೆಯ ಮೇಲೆ ಕೈಯಿಟ್ಟು ಹೋದರು. ಆದರೆ ಆ ವರ್ಷದ ಸ್ವಾತಂತ್ರ್ಯೋತ್ಸವದಲ್ಲಿ ಅವಳು ಕ್ರೀಡಾಗಾಯಗಳ ಕುರಿತು ಮಾಡಬೇಕಿದ್ದ ಭಾಷಣ ರದ್ದಾಯಿತು. ಅವಳು ಹೋದಳು; ಹಿಂದಿನ ಸಾಲಿನಲ್ಲಿ, ಮೂರೂ ಗೀತೆಗಳಿಗೆ, ಎಂದಿನಂತೆಯೇ ನಿಂತಳು. ಸುತ್ತಲ ಕುರ್ಚಿಗಳು ಖಾಲಿಯಿದ್ದವು. ನಾನು ಪಕ್ಕದಲ್ಲಿದ್ದೆ.

ಮ್ಯಾನೇಜರ್ ಮತ್ತೊಮ್ಮೆ ಕೇಳಿದಾಗ ಅವಳು "ನಾನಾಗಿಯೇ ಕುಳಿತೆ" ಎಂದಳಂತೆ. ಒಪ್ಪಂದ ನವೀಕರಣವಾಗಲಿಲ್ಲ. ರಾಲಿ ನಗರದ ವಿಶ್ವವಿದ್ಯಾಲಯವೊಂದರ ಕ್ರೀಡಾವಿಭಾಗದವರು ಫೋನಿನಲ್ಲಿ ಸಂದರ್ಶಿಸಿದಾಗಲೂ ಆ ಚಿತ್ರದ ಮಾತು ಬಂತು. ಅಡುಗೆಮನೆಯಲ್ಲಿದ್ದ ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಅದೇ ಉತ್ತರ, ಅದೇ ದನಿ. ಅವರಿಂದ ಮತ್ತೆ ಕರೆ ಬರಲಿಲ್ಲ. ವೀಸಾದ ಗಡುವು ಮುಗಿಯುವ ಮೊದಲೇ ಅವಳು ಮೈಸೂರಿಗೆ ಟಿಕೆಟ್ ಮಾಡಿಸಿದಳು.

ವಿಮಾನ ನಿಲ್ದಾಣಕ್ಕೆ ನಮ್ಮಿಬ್ಬರನ್ನೂ ಕರೆದೊಯ್ದವರು ಶ್ರೀನಿವಾಸ್ ಅಂಕಲ್. ಸೂಟ್‌ಕೇಸ್ ಇಳಿಸುತ್ತ "ಒಂದೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ" ಎಂದರು. "ಅದೇ ಅಂಕಲ್, ನನ್ನತ್ರ ಇದ್ದಿದ್ದೂ ಒಂದೇ ಮಾತು" ಎಂದಳು ಅಕ್ಕ, ಅವರ ಕೈಯಿಂದ ಸೂಟ್‌ಕೇಸ್ ತೆಗೆದುಕೊಳ್ಳುತ್ತ. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಮರುವರ್ಷ ನಾನೊಬ್ಬಳೇ ಆ ತಂಡದ ಪಂದ್ಯಕ್ಕೆ ಹೋದೆ. ಮಂಡಿಯೂರುವವರು ಕಡಿಮೆಯಾಗಿದ್ದರು. ಗೀತೆ ಆರಂಭವಾದೊಡನೆ ಮೋನೀಕ್ ಕೆಳಗಿಳಿದಳು. ಮುಗಿದಾಗ ಯಾರ ಹೆಗಲನ್ನೂ ಹಿಡಿಯದೆ ಎದ್ದಳು. ಆ ದೃಶ್ಯವನ್ನು ಫೋನಿನಲ್ಲಿ ಹಿಡಿದು ಮೈಸೂರಿಗೆ ಕಳುಹಿಸಿದೆ. ಹೊಗಳಿಕೆಯನ್ನೋ ಕಣ್ಣೀರನ್ನೋ ನಿರೀಕ್ಷಿಸಿದ್ದೆ. ಪಂದ್ಯ ಮುಗಿಯುವ ಮೊದಲೇ ಅಕ್ಕನ ಧ್ವನಿ ಸಂದೇಶ ಬಂತು.

"ಏಳೋದು ಚೆನ್ನಾಗಿದೆ. ಕೆಳಗಿಳಿಯೋವಾಗ ಆತುರ ಮಾಡ್ತಿದಾಳೆ. ನಿಧಾನಕ್ಕೆ ಇಳಿ ಅಂತ ಹೇಳು ಅವಳಿಗೆ. ಎಲ್ರೂ ನೋಡ್ಲಿ."