ಅಳಿಯನ ಕೈಗೊಂದು ವಾಚು

ಕಳೆದ ತಿಂಗಳು ಬೇರೆಯವರ ಅಳಿಯನ ವಾಚನ್ನು ನನ್ನ ಕೈಗೆ ಕಟ್ಟಿಕೊಂಡು, ಅದನ್ನು ಬಿಚ್ಚಲಾಗದೆ ಬಂಟ್ವಾಳ ಪೇಟೆಯ ಅಂಗಡಿಯೊಂದರಲ್ಲಿ ಬೆವರಿಬಿಟ್ಟೆ. ಹೊರಗೆ ಆಟಿ ತಿಂಗಳ ಮಳೆ ಹೊಡೆಯುತ್ತಿತ್ತು. ಬೆವರುವ ಹವೆಯೇ ಅಲ್ಲ.

ಎಲ್ಲದಕ್ಕೂ ಮೂಲ ಈ ಅಂಕಣವೇ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಕೈಗಡಿಯಾರ ಕೊಳ್ಳುವುದು ಹೇಗೆಂದು ಇಲ್ಲಿ ಒಮ್ಮೆ ಉದ್ದಕ್ಕೆ ಬರೆದಿದ್ದೆ, ನೆನಪಿದೆಯೇ? (ನೆನಪಿಲ್ಲದವರು ಪುಣ್ಯವಂತರು.) ಕೀ ಕೊಡುವಾಗ ಬೆರಳಿಗೆ ಮರಳು ಅರೆದ ಹಾಗೆ ಅನಿಸಿದರೆ ಮುಟ್ಟಬೇಡಿ. ಕಿವಿಗಿಟ್ಟರೆ ಸದ್ದು ಒಂದೇ ಸಮನೆ ಬರಬೇಕು, ಮಗುಚಿ ಹಿಡಿದಾಗಲೂ ಬರಬೇಕು. ಹಿಂದಿನ ಮುಚ್ಚಳ ಸ್ಟೀಲಿನದಿರಲಿ, ಒಳಗೆ ಚಕ್ರ ಸವೆಯದಂತೆ ಕೂರಿಸುವ ಹರಳು, ಅಂದರೆ ಜ್ಯುವೆಲ್, ಹದಿನೇಳು ಇರಲಿ. ಮಂಗಳೂರಿನ ಬಂದರಿನಿಂದ ಅಂಗಿಯೊಳಗೆ ಅಡಗಿ ಬರುವ ಫಾರಿನ್ ಮಾಲಿನ ಆಸೆ ಬೇಡವೇ ಬೇಡ. ಬರೆದ ಮೇಲೆ ನಾನೊಬ್ಬ ದೊಡ್ಡ ಎಕ್ಸ್‌ಪರ್ಟ್ ಎಂದು ನನಗೇ ಅನಿಸತೊಡಗಿತು. ಶಾಲೆಯಲ್ಲಿ ಪಾಠ ಮಾಡುವಾಗ ಮಾತಿಗೊಮ್ಮೆ ಎಡಗೈ ಎತ್ತಿ ಗಂಟೆ ನೋಡುವ ಚಾಳಿ ಬೇರೆ ಅಂಟಿಕೊಂಡಿತು.

ಆ ಬರಹವನ್ನು ಯಾರೋ ಓದಿ ಹೇಳಿದ್ದನ್ನು ಕೇಳಿ ಮೂಡಬಿದ್ರೆಯ ನಮ್ಮ ಮನೆಗೆ ಹಿರಿಯರೊಬ್ಬರು ಬಂದರು. ಹೆಸರು ದೂಮಣ್ಣ. ಬೆಳ್ತಂಗಡಿಯಿಂದಾಚೆ ಒಂದಿಷ್ಟು ಗದ್ದೆ ಮಾಡಿಕೊಂಡಿರುವವರು. ತಾಳೆಗರಿಯ ಕೊಡೆಯನ್ನು ಗೋಡೆಗೆ ಒರಗಿಸಿ, ಕುಳಿತುಕೊಳ್ಳಿ ಎಂದರೂ ಕೂರದೆ ಬಂದ ಕಾರಣ ಹೇಳಿದರು. ಅಳಿಯನಿಗೊಂದು ವಾಚು ಬೇಕು. ಗಂಡಿನ ಕಡೆಯವರು ಬೇರೆ ಏನನ್ನೂ ಕೇಳಿಲ್ಲ. ಎಂಬತ್ತು ರೂಪಾಯಿಯ ಮೇಲೆ ತನ್ನಿಂದಾಗದು, ಆದರೆ ವಾಚು ಯಾವತ್ತೂ ನಿಲ್ಲಬಾರದು. ಮಾಸ್ಟ್ರು ಜೊತೆಗೆ ಬಂದು ಆರಿಸಿಕೊಡಬೇಕು.

ಎಕ್ಸ್‌ಪರ್ಟನಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಉಂಟೇ? ಮರುದಿನ ರಜೆ. ಇಬ್ಬರೂ ಬಂಟ್ವಾಳದ ಬಸ್ಸು ಹತ್ತಿದೆವು.

ವಾಚು ಆರಿಸುವ ಮೊದಲು ಅದನ್ನು ಕಟ್ಟುವವನನ್ನು ತಿಳಿಯಬೇಕು ಎನ್ನುವುದು ನನ್ನ ಸಿದ್ಧಾಂತ. ಬಸ್ಸಿನಲ್ಲೇ ವಿಚಾರಣೆ ಶುರು ಮಾಡಿದೆ. ಹುಡುಗನ ಊರು ಯಾವುದು? ನರಿಕೊಂಬು. ಕೆಲಸ? ದೂಮಣ್ಣ ಸ್ವಲ್ಪ ಯೋಚಿಸಿ, ಕೆಲಸ ಅಂತ ಏನಿಲ್ಲ ಎಂದರು. (ನಗು ಬಂತು. ಆದರೆ ಹೇಳಿ, ಕೆಲಸ ಇಲ್ಲದವರೇ ಅಲ್ಲವೇ ಹೆಚ್ಚು ಸಲ ಗಂಟೆ ನೋಡುವುದು?) ಕೈ ದಪ್ಪವೋ ಸಪೂರವೋ? ತಾನು ಹುಡುಗನನ್ನು ನೋಡಿಯೇ ಇಲ್ಲ ಎಂದರು. ಜೋಯಿಸರು ಪ್ರಶ್ನೆ ಇಟ್ಟು ಕೂಡಿಸಿದ ಸಂಬಂಧವಂತೆ. ಈ ಕಾಲದಲ್ಲೂ ಗಂಡನ್ನು ಕಣ್ಣಿಂದ ನೋಡದೆ ಹೆಣ್ಣು ಕೊಡುವವರು ಇದ್ದಾರಲ್ಲ ಮಾರಾಯರೇ ಎಂದು ನಾನು ಮನಸ್ಸಿನಲ್ಲೇ ಒಂದು ಅಂಕಣ ಬರೆದುಕೊಂಡೆ.

"ನೀರು ಹೋಗದ ವಾಚು ಬರ್ತದಂತಲ್ಲ ಮಾಸ್ಟ್ರೇ, ಅದೇ ಆಗ್ಬೇಕು," ಎಂದರು ದೂಮಣ್ಣ. "ಅವನು ಇರುವುದು ನೀರಿನಲ್ಲೇ."

ಆಗ ನನಗೆ ಎಲ್ಲವೂ ಹೊಳೆಯಿತು. ನರಿಕೊಂಬು ಎಂದರೆ ನೇತ್ರಾವತಿಯ ದಡ. ಹುಡುಗ ದೋಣಿಯವನು. ಮಳೆಗಾಲದಲ್ಲಿ ದೋಣಿ ಕಟ್ಟಿ ಹಾಕುತ್ತಾರೆ, ಹಾಗಾಗಿ ಈಗ ಕೆಲಸವಿಲ್ಲ. ನನ್ನ ತಲೆಯ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ವಾಚಿನ ಅಂಗಡಿ ಪೇಟೆಯ ಮಧ್ಯದಲ್ಲಿ. ಮಾಲೀಕರು ಶೆಣೈಯವರು, ನನಗೆ ಹಳೆಯ ಪರಿಚಯ. ಗಾಜಿನ ಪೆಟ್ಟಿಗೆಯ ಮೇಲೆ ನಾಲ್ಕಾರು ವಾಚು ಹರಡಿದರು. ಸ್ವಿಸ್ ಮಾಲು ನಮ್ಮ ಬಜೆಟ್ಟಿಗೆ ದೂರ. ಕೊನೆಗೆ ಬೆಂಗಳೂರಿನಲ್ಲೇ ತಯಾರಾದ, ಬಿಳಿ ಮುಖದ, ಕಪ್ಪು ಬೆಲ್ಟಿನ ವಾಟರ್‌ಪ್ರೂಫ್ ಒಂದನ್ನು ನಾನು ಕಿವಿಗಿಟ್ಟೆ, ಮಗುಚಿದೆ, ಮತ್ತೆ ಕಿವಿಗಿಟ್ಟೆ. ಚೊಕ್ಕ ಮಾಲು.

ದೂಮಣ್ಣನಿಗೆ ಇನ್ನೂ ಸಮಾಧಾನವಿಲ್ಲ. ಕೀ ಕೊಡದೆ ನಡೆಯುವ ವಾಚು ಇಲ್ಲವೇ ಎಂದು ಕೇಳಿದರು. ಆಟೋಮ್ಯಾಟಿಕ್ ಅಂತ ಉಂಟು, ಕೈ ಆಡಿದಂತೆ ತಾನಾಗಿ ಕೀ ಆಗುತ್ತದೆ, ಆದರೆ ದುಬಾರಿ ಎಂದೆ. ಕೈ ಆಡದೇ ಇದ್ದರೆ? ನಿಂತುಹೋಗುತ್ತದೆ. ಅವರ ಮುಖ ಸಣ್ಣದಾಯಿತು. ನಾನು ಬಿಡಬೇಕಲ್ಲ? ಬೆಳಿಗ್ಗೆ ಎದ್ದು ವಾಚಿಗೆ ಕೀ ಕೊಡುವಷ್ಟೂ ತ್ರಾಣ ಇಲ್ಲದವನಿಗೆ ಮದುವೆ ಯಾಕೆ ದೂಮಣ್ಣ ಎಂದು ತಮಾಷೆ ಮಾಡಿದೆ. ದೂಮಣ್ಣ ನಗಲಿಲ್ಲ. ಶೆಣೈಯವರೂ ನಗಲಿಲ್ಲ. ಅವರು ದೂಮಣ್ಣನನ್ನೇ ನೋಡುತ್ತಿದ್ದರು.

"ವಾಚು ನಿಂತರೆ ಅಲ್ಲಿ ಮಗಳಿಗೆ ಮಾತು ಬರ್ತದೆ ಮಾಸ್ಟ್ರೇ," ಎಂದರು ದೂಮಣ್ಣ. "ನಿನ್ನಪ್ಪ ಕೊಟ್ಟದ್ದು ಇಂಥದ್ದು ಅಂತ. ತಿರುಗಿ ಮಾತಾಡುವ ಜಾತಿಯವಳಲ್ಲ ಅವಳು. ನಾನು ಹೋಗಿ ಸಮಾಧಾನ ಮಾಡಿ ಬರುವ ಅಂದ್ರೆ, ಹಾಗೂ ಇಲ್ಲ."

ಪಾಪ ಅನಿಸಿತು. ಧೈರ್ಯ ತುಂಬೋಣವೆಂದು ನನ್ನ ವಾಚನ್ನು ಬಿಚ್ಚಿ ಜೇಬಿಗೆ ಹಾಕಿ, ಆ ಹೊಸ ವಾಚನ್ನು ನನ್ನ ಕೈಗೇ ಕಟ್ಟಿ ಬಕಲು ಸಿಕ್ಕಿಸಿದೆ. ಕೈ ಮುಂದೆ ಚಾಚಿ, ಈಗ ನಾನೇ ನಿಮ್ಮ ಅಳಿಯ ಅಂತ ಇಟ್ಟುಕೊಳ್ಳಿ, ಹೇಗೆ ಕಾಣುತ್ತದೆ ನೋಡಿ ಎಂದೆ.

ದೂಮಣ್ಣ ನನ್ನ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಬಿಡಲಿಲ್ಲ. ಕಣ್ಣು ತುಂಬಿತ್ತು.

ಶೆಣೈಯವರು ಪೆಟ್ಟಿಗೆಯ ಮೇಲೆ ಬಾಗಿ ಮೆಲ್ಲನೆ ಹೇಳಿದರು: "ಮಾಸ್ಟ್ರೇ, ಮೊದಲು ಅದನ್ನು ಬಿಚ್ಚಿ. ಇದು ಆಟಿ. ಆಟಿಯಲ್ಲಿ ಯಾರ ಮದುವೆ ಆಗ್ತದೆ?"

ಯಾರ ಮದುವೆ ಆಗುತ್ತದೆ? ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ಆಟಿ ತಿಂಗಳಲ್ಲಿ ಬದುಕಿದ್ದವರು ಮದುವೆಯಾಗುವುದಿಲ್ಲ. ಆಗುವುದು ಕುಲೆಗಳ ಮದುವೆ. ಮದುವೆಯಾಗದೆ ತೀರಿಕೊಂಡವರಿಗೆ, ಇದ್ದಿದ್ದರೆ ಈಗ ಆಗುವ ವಯಸ್ಸು ಎಂದು ಲೆಕ್ಕ ಹಾಕಿ, ಸತ್ತವರಲ್ಲೇ ಜೋಡಿ ಹುಡುಕಿ ಮನೆಯವರು ಮಾಡಿಸುವ ಮದುವೆ. ತುಳುವನಾಗಿ ಹುಟ್ಟಿ, ಬಸ್ಸಿನಲ್ಲಿ ಅಷ್ಟು ದೂರ ವಿಚಾರಣೆ ಮಾಡಿ, ನನಗೆ ಹೊಳೆದದ್ದು ದೋಣಿ!

ಬಕಲು ಬಿಚ್ಚಲು ಹೋದೆ. ಹೊಸ ಬೆಲ್ಟು, ಮಳೆಯ ಥಂಡಿಗೆ ಬಿಗಿದುಕೊಂಡಿತ್ತು ಎಂದು ಈಗ ಹೇಳುತ್ತೇನೆ. ಆಗ ಹಾಗೆ ಅನಿಸಲಿಲ್ಲ. ಯಾರೋ ಮಣಿಗಂಟನ್ನು ಹಿಡಿದುಕೊಂಡಿದ್ದಾರೆ ಅನಿಸಿತು. ಬಕಲು ಬೆರಳಿಗೆ ಸಿಗಲೇ ಇಲ್ಲ. ಕೊನೆಗೆ ಶೆಣೈಯವರೇ ಬಿಚ್ಚಿದರು. ಅಷ್ಟು ಹೊತ್ತೂ ವಾಚು ನನ್ನ ನಾಡಿಯ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

ಆಮೇಲೆ ದೂಮಣ್ಣ ನಿಧಾನವಾಗಿ ಎಲ್ಲ ಹೇಳಿದರು. ಮಗಳು ಕಮಲ ಎಂಟು ವರ್ಷಕ್ಕೆ ಸಿಡುಬಿನಲ್ಲಿ ಹೋದಳು. ಶಾಲೆಯಲ್ಲಿ ಗಂಟೆ ನೋಡಲು ಆಗಷ್ಟೇ ಕಲಿತಿದ್ದಳಂತೆ. ಮನೆಯಲ್ಲಿ ಗಡಿಯಾರ ಇಲ್ಲ, ಹಾಗಾಗಿ ದಾರಿಯಲ್ಲಿ ವಾಚು ಕಟ್ಟಿದವರು ಯಾರು ಸಿಕ್ಕಿದರೂ ನಿಲ್ಲಿಸಿ, ಕೈ ಬಗ್ಗಿಸಿ ನೋಡಿ ಗಂಟೆ ಹೇಳುತ್ತಿದ್ದಳು. ಈಗ ಅವಳ ತಂಗಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗುತ್ತಿವೆ. ಅಕ್ಕನಿಗೆ ಮೊದಲು ಆಗಬೇಕು ಎಂದು ಪ್ರಶ್ನೆಯಲ್ಲಿ ಕಂಡಿತು. ನರಿಕೊಂಬಿನ ಹುಡುಗ ಹತ್ತು ವರ್ಷದವನಿದ್ದಾಗ ಹೊಳೆಗೆ ಬಿದ್ದವನು. ಅವನು ಸಿಗಲೇ ಇಲ್ಲ.

ನೀರಿನಲ್ಲೇ ಇರುವವನು.

ಶೆಣೈಯವರು ವಾಚನ್ನು ಅದರ ಡಬ್ಬಿಗೆ ಹಾಕುವಾಗ ದೂಮಣ್ಣ ಒಂದೇ ಒಂದು ಮಾತು ಹೇಳಿದರು. ಮಾಸ್ಟ್ರ ಕೈಗೆ ಸರಿಯಾದ ತೂತು ಯಾವುದೋ ಅದಕ್ಕೇ ಬಕಲು ಇರಲಿ, ಹುಡುಗನ ಕೈಯೂ ಈಗ ಅಷ್ಟೇ ಆಗಿದ್ದೀತು.

ಮದುವೆಗೆ ಹೋದೆ. ಹೋಗದಿದ್ದರೆ ನನ್ನನ್ನು ನಾನೇ ಕ್ಷಮಿಸುತ್ತಿರಲಿಲ್ಲ. ನರಿಕೊಂಬಿನ ಹುಡುಗನ ಮನೆ, ಮಧ್ಯಾಹ್ನದ ಹೊತ್ತು. ಎರಡು ಮಣೆ. ಒಂದರ ಮೇಲೆ ಮಡಿಸಿದ ಸೀರೆ, ಬಳೆ, ಕರಿಮಣಿ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಅಂಗಿ, ಮೇಲೆ ನಾನು ಆರಿಸಿದ ವಾಚು. ಹೆದರಿಕೆ ಬರಿಸುವುದು ಏನು ಗೊತ್ತೇ? ಅಲ್ಲಿ ಯಾರೂ ಅಳುವುದಿಲ್ಲ. ಹೆಂಗಸರು ಮದುಮಗಳ ಸೀರೆಯ ಬಣ್ಣದ ಬಗ್ಗೆ ಮಾತಾಡುತ್ತಾರೆ. ಮದುಮಗನಿಗೆ ಇನ್ನಷ್ಟು ಬಡಿಸು ಎಂದು ಯಾರೋ ಹಿಂದಿನಿಂದ ಹೇಳುತ್ತಾರೆ. ಬಡಿಸುತ್ತಾರೆ ಕೂಡ. ಯಾರೂ ಕೂರದ ಮಣೆಯ ಎದುರಿನ ಎಲೆಗೆ, ಎರಡನೇ ಸಲ.

ಊಟ ಮುಗಿದ ಮೇಲೆ ಹುಡುಗನ ತಾಯಿ ವಾಚನ್ನು ಸೆರಗಿನಲ್ಲಿ ಹಿಡಿದು ನನ್ನ ಹತ್ತಿರ ಬಂದರು. ಮನೆಯಲ್ಲಿ ಅವರು ಮತ್ತು ಬೀಡಿ ಕಟ್ಟುವ ಮಗಳು, ಇಬ್ಬರೇ. ಇದಕ್ಕೆ ಕೀ ಕೊಡುವುದು ಹೇಗೆಂದು ಕೇಳಿದರು. ತೋರಿಸಿಕೊಟ್ಟೆ. ದಿನಾ ಬೆಳಿಗ್ಗೆ, ಬಿಗಿಯಾಗುವ ತನಕ, ಒತ್ತಾಯ ಮಾಡಬಾರದು ಎಂದೆ. ಕೀ ಕೊಡುತ್ತೇನೆ, ಆದರೆ ಗಂಟೆ ನೋಡಲು ತನಗೂ ಮಗಳಿಗೂ ಬರುವುದಿಲ್ಲ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಎಂದು ನಾಚಿಕೊಂಡರು. ವಾಚನ್ನು ಒಳಗಿನ ಕೋಣೆಯಲ್ಲಿ, ಮದುಮಕ್ಕಳ ಬಟ್ಟೆಯ ಹತ್ತಿರ ಇಟ್ಟರು.

ಇದನ್ನೆಲ್ಲ ಆಗಲೇ ಬರೆಯಬಹುದಿತ್ತು. ವಾಚಿನ ಕ್ವಾಲಿಟಿ ಎಂದು ಹೊರಟವನು ಇಲ್ಲಿಗೆ ಬಂದು ಮುಟ್ಟಿದ್ದು ನನಗೇ ಒಂಥರಾ ಅನಿಸಿ ಸುಮ್ಮನಿದ್ದೆ. ಆದರೆ ಕಳೆದ ವಾರ ದೂಮಣ್ಣ ಮತ್ತೆ ಬಂದರು. ಸೊರಗಿದ್ದರು. ವಾಚು ನಡೆಯುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ನಿದ್ದೆ ಇಲ್ಲವಂತೆ. ತಾನೇ ಹೋಗಿ ಕೇಳಿದರೆ ಬೀಗರು ತಪ್ಪು ತಿಳಿಯುತ್ತಾರೆ, ಮಾಸ್ಟ್ರು ಒಮ್ಮೆ ನೋಡಿ ಬರಬೇಕು ಎಂದರು.

ಶನಿವಾರ ಶಾಲೆ ಬಿಟ್ಟ ಮೇಲೆ ಹೊರಟೆ. ಬಿ.ಸಿ.ರೋಡಿನಲ್ಲಿ ಇಳಿದು ನಡೆದೆ. ಅಂದು ಮಳೆ ಬಿಟ್ಟಿತ್ತು, ಮೋಡ ಹಾಗೇ ಇತ್ತು. ಹುಡುಗನ ತಾಯಿ ಚಾವಡಿಯಲ್ಲಿ ಕುಳಿತಿದ್ದರು. ಮಗಳು ಬೀಡಿ ಕೊಟ್ಟು ಬರಲು ಪೇಟೆಗೆ ಹೋಗಿದ್ದಾಳೆ ಎಂದು, ಬೆಲ್ಲ ನೀರು ಕೊಟ್ಟರು. ವಾಚು ನಡೆಯುತ್ತಿದೆಯೇ ಎಂದು ನೇರವಾಗಿ ಹೇಗೆ ಕೇಳುವುದು? ಹೊತ್ತು ನೋಡುವ ನೆಪದಲ್ಲಿ ನನ್ನ ಕೈ ಎತ್ತಿದೆ. ನನ್ನ ವಾಚು ನಿಂತಿತ್ತು. ದಿನಾ ಕೀ ಕೊಡಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ಅಂದು ಬೆಳಿಗ್ಗೆ ತಾನೇ ಕೀ ಕೊಟ್ಟಿರಲಿಲ್ಲ!

"ಗಂಟೆ ಎಷ್ಟಾಯ್ತೋ ಏನೋ ಅಮ್ಮ," ಎಂದೆ.

"ಈಗ ಹೇಳ್ತೇನೆ," ಎಂದು ಅವರು ಎದ್ದು ಒಳಗಿನ ಕೋಣೆಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರು ಮೆಲ್ಲನೆ ಏನೋ ಕೇಳಿದ್ದು ನನಗೆ ಕೇಳಿಸಿತು. ಆಮೇಲೆ ಸುಮ್ಮನಾದರು, ಎದುರಿನವರು ಹೇಳುವುದನ್ನು ಕೇಳುವಾಗ ಸುಮ್ಮನಾಗುತ್ತೇವಲ್ಲ, ಹಾಗೆ. ಹೊರಗೆ ಬಂದರು.

"ನಾಲ್ಕಕ್ಕೆ ಹತ್ತು ನಿಮಿಷ ಉಂಟಂತೆ."

ಬೆಲ್ಲದ ಚೂರು ನನ್ನ ಬಾಯಲ್ಲೇ ಉಳಿಯಿತು. ಅಮ್ಮ, ನಿಮಗೆ ಗಂಟೆ ನೋಡಲು ಬರುವುದಿಲ್ಲ ಎಂದಿದ್ದಿರಲ್ಲ ಎಂದು ಕೇಳಿದೆ.

"ನನಗೆಲ್ಲಿ ಬರ್ತದೆ ಮಾಸ್ಟ್ರೇ," ಎಂದು ಅವರು ನಕ್ಕರು. "ಸೊಸೆ ಹೇಳಿದ್ದು. ಒಳ್ಳೆ ಹುಡುಗಿ ಅದು."

ನಾನು ಒಳಗೆ ಇಣುಕಲಿಲ್ಲ. ನೀವಾಗಿದ್ದರೆ ಇಣುಕುತ್ತಿದ್ದಿರಾ? ನನ್ನ ವಾಚಿಗೆ ಅಲ್ಲೇ ಕೀ ಕೊಟ್ಟು, ಅವರು ಹೇಳಿದ ಗಂಟೆಗೇ ಇಟ್ಟುಕೊಂಡು ಹೊರಟೆ. ಬಿ.ಸಿ.ರೋಡಿನಲ್ಲಿ ಹೋಟೆಲಿನ ಗೋಡೆಯ ಗಡಿಯಾರದೊಂದಿಗೆ ತಾಳೆ ನೋಡಿದೆ. ಒಂದು ನಿಮಿಷವೂ ಆಚೀಚೆ ಇರಲಿಲ್ಲ.

ದೂಮಣ್ಣನಿಗೆ ಹೇಳಿ ಕಳುಹಿಸಿದ್ದೇನೆ: ವಾಚು ಸರಿ ಉಂಟು, ಅಲ್ಲಿ ಗಂಟೆ ನೋಡುವುದು ನಿಮ್ಮ ಮಗಳೇ.