ಕೆಂಪಂಚು ಸುತ್ತಿದ ಲಾಟೀನು

ಮೊನ್ನೆ ಶ್ರೀರಂಗಪಟ್ಟಣದಲ್ಲಿ ಕಾಲೇಜಿನ ಗೆಳೆಯನ ಹೊಸ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಹಳೆಯ ಲಾಟೀನೊಂದನ್ನು ನೇತುಹಾಕಿ, ಗಾಜಿನೊಳಗೆ ಪುಟ್ಟ ಕರೆಂಟು ಬಲ್ಬು ಇಟ್ಟಿದ್ದ. ಹಿಡಿಗೆ ಸುತ್ತಿದ್ದ ಸೀರೆಯ ಕೆಂಪು ಅಂಚು ಹಾಗೇ ಇತ್ತು. ಹತ್ತಿರ ಹೋಗಿ ಮೂಸಿದೆ. ಸೀಮೆಎಣ್ಣೆಯ ವಾಸನೆ ಒಂದಿಷ್ಟೂ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಅದು ಅಂಗಡಿಯವ್ವನ ಲಾಟೀನು.

ಪಾಂಡವಪುರದ ಕುಂತಿಬೆಟ್ಟದ ಬುಡದಲ್ಲಿ ಆಕೆಯದೊಂದು ಟೀ ಅಂಗಡಿ ಇತ್ತು. ಬೆಟ್ಟದ ಮೇಲಿಂದ ಸೂರ್ಯ ಹುಟ್ಟುವುದನ್ನು ನೋಡುವ ಹುಚ್ಚು ಆಗಿನ್ನೂ ನಮ್ಮಂಥ ನಾಲ್ಕಾರು ಜನಕ್ಕೆ ಮಾತ್ರ. ಕತ್ತಲಿರುವಾಗಲೇ ಹತ್ತಬೇಕು, ಟಾರ್ಚಿನ ಸೆಲ್ಲು ನಡುದಾರಿಯಲ್ಲಿ ಕೈಕೊಡುತ್ತಿತ್ತು. ಆಕೆ ಗಾಜನ್ನು ಬೂದಿಯಲ್ಲಿ ಉಜ್ಜಿ, ಬತ್ತಿ ಕತ್ತರಿಸಿ, ಎಣ್ಣೆ ತುಂಬಿ ಲಾಟೀನು ಕೊಡುತ್ತಿದ್ದಳು. ಕೈ ಸುಡದಿರಲೆಂದು ಹಿಡಿಗೆ ತನ್ನ ಸೀರೆಯಂಚು ಸುತ್ತಿರುತ್ತಿದ್ದಳು.

"ಲಾಟೀನು ಬಂದ್ರೆ ನೀವು ಬಂದಂಗೆ ಕಣ್ರಪ್ಪ. ಬರ್ನಿಲ್ಲ ಅಂದ್ರೆ ನಾನೇ ಬೆಟ್ಟ ಅತ್ತಿ ಉಡುಕ್ಬೇಕು," ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು...

ಅವತ್ತು ನಾವು ಐದು ಜನ. ಬೆಳಕು ಹರಿದ ಮೇಲೆ, ಈಗ ಹೊಸ ಮನೆ ಕಟ್ಟಿರುವ ಈ ಮಹಾಶಯನಿಗೆ ತೊಣ್ಣೂರು ಕೆರೆ ನೋಡುವ ಮನಸ್ಸಾಯಿತು. ಆಚೆ ಮಗ್ಗುಲಿಂದ ಇಳಿದೆವು. "ಒಂದು ಲಾಟೀನಿಗೋಸ್ಕರ ಯಾರು ವಾಪಸ್ ಹೋಗ್ತಾರೋ" ಅಂದ. ಅದನ್ನು ತುರುಕಿದ್ದು ನನ್ನ ಚೀಲಕ್ಕೆ. ಬಸ್ಸಿನ ತುಂಬ ಸೀಮೆಎಣ್ಣೆ ನಾತ. ನಾನು ಚೀಲವನ್ನು ಸೀಟಿನಡಿಗೆ ತಳ್ಳಿ ಕೂತೆ. ಬಸ್ಸಿಳಿದ ಮೇಲೆ ತನಗಿರಲಿ ಅಂದ, ಕೊಟ್ಟುಬಿಟ್ಟೆ.

ಮರುವರ್ಷ ಹೋದಾಗ ಅಂಗಡಿ ಮುಚ್ಚಿತ್ತು. ಪಕ್ಕದಲ್ಲಿ ಸೌತೆಕಾಯಿ ಮಾರುತ್ತಿದ್ದವನನ್ನು ಕೇಳಿದೆ.

"ಯಾರೋ ಐದು ಐಕ್ಳು ಲಾಟೀನ್ ತಕ್ಕೊಂಡು ಅಂಗೇ ವಂಟೋದ್ರು. ಬಿದ್ಗಿದ್ದವ್ರೇನೋ ಅಂತ ಅವ್ವ ಸಂಜೆಗಂಟ ಬಂಡೆ ಬಂಡೆ ಉಡುಕಿದ್ಲು. ಜಾರಿಬುಟ್ಟು ಸೊಂಟ ಮುರ್ಕೊಂಡ್ಲು. ಮಗಳು ಬಂದು ಶೀಳನೆರೆಗೆ ಕರ್ಕೊಂಡೋದ್ಲು."

ಆ ಐದು ಹುಡುಗರು ನಾವೇ ಅನ್ನದೆ, ಎರಡು ಸೌತೆಕಾಯಿ ಕೊಂಡು ಬಂದುಬಿಟ್ಟೆ. ಶೀಳನೆರೆಯೇನು ಕಾಶಿಯೆ? ಬಸ್ಸಿತ್ತು. ಹೋಗಲಿಲ್ಲ, ಹೇಡಿ ನಾನು.

ಇದನ್ನೆಲ್ಲ ಅವನ ಹೊಸ ಮನೆಯಲ್ಲಿ ನಿಂತು ಹೇಳಿದರೆ, "ಹಳೇದೆಲ್ಲ ಈಗ್ಯಾಕೋ, ಊಟಕ್ಕೆ ಬಾ" ಅಂದ. ಅವನ ಅನ್ನ ಯಾರಿಗೆ ಬೇಕು! ಬಲ್ಬು ಕಿತ್ತೆಸೆದು ಲಾಟೀನು ಹಿಡಿದು ಹೊರಟುಬಂದೆ. ಆ ಸಿಟ್ಟಿನಲ್ಲಿ ಅರ್ಧಕ್ಕೂ ಹೆಚ್ಚು ನನ್ನ ಮೇಲಿನದೇ ಎಂದು ದಾರಿಯಲ್ಲಿ ತಿಳಿಯಿತು.

ಮಾರನೆಯ ದಿನ ಶೀಳನೆರೆಗೆ ಹೋಗಿ, ಕೇಳಿಕೊಂಡು ಮನೆ ಹುಡುಕಿದೆ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಎಲ್ಲವನ್ನೂ ಹೇಳಿ ಲಾಟೀನನ್ನು ಮಗಳ ಮುಂದಿಟ್ಟೆ. ಆಕೆ ಹಿಡಿಯ ಅಂಚನ್ನು ಬೆರಳಲ್ಲಿ ಸವರಿದಳು. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಐದೂ ಜನ ಇಳುದ್ರಾ?" ಅಂತಷ್ಟೇ ಕೇಳಿದಳು. "ಅವ್ವ ಕಡೇಗಂಟ ಅದ್ನೇ ಕೇಳ್ತಿದ್ಲು."

ಇಳಿದೆವು, ಅಂದೆ. ಕೇಳಬೇಕಾದವಳು ಅಲ್ಲಿರಲಿಲ್ಲ.