ಅರ್ಜಿಯಲ್ಲಿ ಇಲ್ಲದ ಮಗಳು

ಸರ್ಕಾರಿ ಕಚೇರಿಯ ಎದುರು ಮೇಜು ಹಾಕಿಕೊಂಡು ಇಪ್ಪತ್ತೆಂಟು ವರ್ಷ ಅರ್ಜಿ ಟೈಪು ಮಾಡಿದವಳು ನಾನು. ನನ್ನ ಕೈಯಿಂದ ಹೋದ ಅರ್ಜಿ ಒಂದೂ ವಾಪಸು ಬಂದದ್ದಿಲ್ಲ. ಆ ಜಂಬ ನನಗಿಲ್ಲದಿದ್ದರೆ ಮೇಲಿನ ಮನೆಯ ದೊಡ್ಡವಳ ಬದುಕು ಹೀಗಾಗುತ್ತಿರಲಿಲ್ಲ. ಹಾಗಂತ ಅವಳ ಅಮ್ಮನನ್ನು ಸುಮ್ಮನೆ ಬಿಡುತ್ತೇನೆ ಅಂದುಕೊಳ್ಳಬೇಡಿ.

ದೊಡ್ಡವಳಿಗೆ ಆಗ ಇಪ್ಪತ್ತೆರಡು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಅಮ್ಮ ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಿದ್ದಳು, ಬೀದಿಯವರೆಲ್ಲ ಅವಳನ್ನು ಪರದೆಯಮ್ಮ ಎನ್ನುತ್ತಿದ್ದರು. ದೊಡ್ಡವಳು ಹತ್ತನೇ ತರಗತಿ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕೂತವಳು ಮತ್ತೆ ಏಳಲಿಲ್ಲ. ಕಿಟಕಿ ನೋಡಿದರೆ ಸಾಕು, ಎಷ್ಟು ಬಟ್ಟೆ ಬೇಕೆಂದು ಕಣ್ಣಳತೆಯಲ್ಲೇ ಹೇಳುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಗುತ್ತಿದ್ದಳು, ನೋಡುವ ನನಗೆ ಎದೆ ಧಸಕ್ಕೆನ್ನುತ್ತಿತ್ತು. ಚಿಕ್ಕವಳು ಹದಿನಾರರವಳು, ಓದಿನಲ್ಲಿ ಚುರುಕು. ಮನೆಯವರೆಲ್ಲ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಮಗಳು ಅವಳು. ದೊಡ್ಡವಳೂ ಆ ಮೆರೆಸುವವರಲ್ಲಿ ಒಬ್ಬಳೇ.

ಆ ವರ್ಷ ಚಿಕ್ಕವಳ ಶಾಲೆಗೆ ಯುವ ವಿನಿಮಯ ಕಾರ್ಯಕ್ರಮ ಬಂತು. ಹೊರದೇಶದ ಒಬ್ಬ ಹುಡುಗಿಯನ್ನು ಆರು ತಿಂಗಳು ಮನೆಯಲ್ಲಿಟ್ಟುಕೊಂಡರೆ ಮರುವರ್ಷ ಆ ಮನೆಯ ಮಗಳು ಅಲ್ಲಿಗೆ ಹೋಗಿ ಪುಕ್ಕಟೆ ಓದಬಹುದು. ಒಂದು ಷರತ್ತಿತ್ತು. ಮೂರು ಕೋಣೆಯ ಮನೆಯಾದರೆ ಅತಿಥಿಯೂ ಸೇರಿ ನಾಲ್ಕೇ ಜನ ಇರಬೇಕು. ಇವರು ಐವರಾಗುತ್ತಿದ್ದರು.

"ಏನಾದ್ರೂ ಮಾಡಕ್ಕಾ, ನಿನ್ನ ಕೈಲಿ ಆಗದ್ದು ಏನಿದೆ," ಎಂದಳು ಪರದೆಯಮ್ಮ. ನಾನು ಉಬ್ಬಿಹೋದೆ.

"ಒಬ್ಬಳೇ ಮಗಳು ಅಂತ ಹಾಕಿಬಿಡೋಣ. ದೊಡ್ಡವಳು ಆರು ತಿಂಗಳು ನನ್ನ ಹಿಂದಿನ ಕೋಣೇಲಿ ಇರಲಿ."

ದೊಡ್ಡವಳು ಪಕ್ಕದಲ್ಲೇ ಪರದೆಗೆ ಕೊಂಡಿ ಹಾಕುತ್ತಿದ್ದಳು. "ಹಾಕಿ ಆಂಟಿ. ಇವಳ ಗೊರಕೆಯಿಂದ ಸದ್ಯ ತಪ್ಪಿಸ್ಕೊಳ್ತೀನಿ," ಎಂದು ತಂಗಿಯ ಜಡೆ ಎಳೆದಳು. ಎಲ್ಲರೂ ನಕ್ಕೆವು. ಮಕ್ಕಳು: ಒಬ್ಬಳು, ಎಂದು ನಾನು ಟೈಪು ಮಾಡಿದೆ.

ಅತಿಥಿ ಹುಡುಗಿ ಬಂದಳು. ಹದಿನೇಳರ ಪ್ರಾಯ, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ, ಒಂದಿಷ್ಟೂ ಕಪಟವಿಲ್ಲದ ಮುಖ. ನಮ್ಮ ಮಾತನ್ನು ಒಂದು ವರ್ಷ ಕಲಿತೇ ಬಂದಿದ್ದಳು. ಎರಡು ದಿನದಲ್ಲೇ ಪರದೆಯಮ್ಮನಿಗೆ ಅಡುಗೆ, ಹೊಲಿಗೆ, ಉಪಚಾರ ಮೂರೂ ಸೇರಿ ಕೈಕಾಲು ಬಿದ್ದುಹೋದವು. ಮೂರನೆಯ ಬೆಳಿಗ್ಗೆ ದೊಡ್ಡವಳನ್ನು ಮೇಲೆ ಕರೆಸಿಕೊಂಡಳು. ಬಾಗಿಲು ತೆರೆದದ್ದು ಅತಿಥಿ ಹುಡುಗಿ. "ಇವರು ಯಾರು?" ಎಂದು ಕೇಳಿದಳು.

"ಕೆಲಸದವಳು," ಎಂದಳು ಪರದೆಯಮ್ಮ. ಮುಂಚೆ ಯೋಚಿಸಿಟ್ಟುಕೊಂಡದ್ದಲ್ಲ, ಬಾಯಿಗೆ ಬಂತು. ಆ ಮೇಲೆ ಬಾಯಿಗೆ ಒಗ್ಗಿಹೋಯಿತು.

ಅಂದಿನಿಂದ ದೊಡ್ಡವಳು ಬೆಳಿಗ್ಗೆ ಆರಕ್ಕೆ ತನ್ನದೇ ಮನೆಯ ಗಂಟೆ ಒತ್ತಿ ಒಳಗೆ ಹೋಗುತ್ತಿದ್ದಳು. ಸಂಜೆ ಏಳಕ್ಕೆ ಚೀಲ ಹಿಡಿದು ಬೀದಿಯ ತುದಿಯವರೆಗೆ ನಡೆದು, ಸುತ್ತು ಹಾಕಿಕೊಂಡು ನನ್ನ ಹಿತ್ತಿಲ ಬಾಗಿಲಿಂದ ಬರುತ್ತಿದ್ದಳು. ಮೊದಮೊದಲು ಇಬ್ಬರೂ ಸೇರಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ತಂಗಿಯೂ ಕದ್ದು ಬಂದು ನಕ್ಕು ಹೋಗುತ್ತಿದ್ದಳು. ಎರಡನೆಯ ತಿಂಗಳಿಗೆ ತಂಗಿ ಬರುವುದು ನಿಂತಿತು. ಪುಸ್ತಕದಿಂದ ತಲೆ ಎತ್ತದೆ "ನೀರು ತಾ" ಎನ್ನುವುದು ಶುರುವಾಯಿತು. ಅಪ್ಪ ಬಾಗಿಲಲ್ಲೇ ಶೂ ಬಿಚ್ಚಿ ಕೆಲಸದ ಚೀಲವನ್ನು ಅವಳತ್ತ ಚಾಚತೊಡಗಿದ. ನಾಲ್ಕನೆಯ ತಿಂಗಳು ಚಿಕ್ಕವಳ ಗೆಳತಿಯರು ಬಂದಿದ್ದರು. "ನಮ್ಮ ಕೆಲಸದವಳಿಗೆ ಎಷ್ಟು ಹೇಳಿದ್ರೂ ತಲೆಗೆ ಹೋಗಲ್ಲ ಕಣ್ರೇ," ಎಂದಳು ಚಿಕ್ಕವಳು. ಅತಿಥಿ ಹುಡುಗಿ ಆ ಹೊತ್ತು ಮನೆಯಲ್ಲೇ ಇರಲಿಲ್ಲ. ಈ ಮಾತನ್ನು ದೊಡ್ಡವಳೇ ನನಗೆ ಹೇಳಿದಳು, ನಗಲಿಲ್ಲ.

ಒಮ್ಮೆ ಅವಳಿಗೆ ಜ್ವರ ಬಂದು ಮೈ ಕೆಂಡವಾಯಿತು. ಕೆಲಸಕ್ಕೆ ಬರುವಾಗ ನನ್ನ ಬಾಗಿಲಲ್ಲೇ ಕುಸಿದಳು, ಒಳಗೆ ಮಲಗಿಸಿದ್ದೇನೆ ಎಂದು ನಾನು ಮೇಲೆ ಹೋಗಿ ಹೇಳಿದೆ. "ಇವರಿಗೆಲ್ಲ ರಜಾ ಹಾಕೋಕೆ ಒಂದು ನೆಪ," ಎಂದಳು ಪರದೆಯಮ್ಮ. ಅತಿಥಿ ಹುಡುಗಿ ಎದುರಿಗಿದ್ದಳು ನಿಜ, ನಾಟಕ ಬೇಕಿತ್ತು ನಿಜ. ಆದರೆ ಆಮೇಲೆ ಅಮ್ಮ ಸದ್ದಿಲ್ಲದೆ ಇಳಿದು ಬರುತ್ತಾಳೆಂದು ನಾನು ಬಾಗಿಲು ಹಾಕದೆ ಕಾದೆ. ಮಾತ್ರೆ ಹಿಡಿದು ಇಳಿದು ಬಂದವಳು ಅತಿಥಿ ಹುಡುಗಿ. ಒದ್ದೆ ಬಟ್ಟೆ ಹಣೆಗಿಟ್ಟು ಮಧ್ಯಾಹ್ನವೆಲ್ಲ ಕೂತಳು.

ಕೊನೆಯ ವಾರ ಕಾರ್ಯಕ್ರಮದ ಮೇಲ್ವಿಚಾರಕಿ ಮನೆ ನೋಡಲು ಬಂದರು. ಅವರು ಒಪ್ಪಿ ಬರೆದರೆ ಚಿಕ್ಕವಳ ಪ್ರಯಾಣ ಖಾಯಂ, ಸುಳ್ಳು ಹೊರಬಿದ್ದರೆ ಎಲ್ಲವೂ ರದ್ದು. ನೆರೆಯವಳೆಂದು ನನ್ನನ್ನೂ ಕೂರಿಸಿಕೊಂಡಿದ್ದರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಅತಿಥಿ ಹುಡುಗಿ, ಟೀ ತಂದಿಟ್ಟು ನಿಂತಿದ್ದ ದೊಡ್ಡವಳತ್ತ ಕೈ ತೋರಿಸಿ, "ನನಗೆ ಒಂದು ಬೇಸರ ಇದೆ," ಎಂದಳು. "ಇವರಿಗೆ ಒಂದು ದಿನವೂ ರಜೆ ಇಲ್ಲ. ನಮ್ಮ ಜೊತೆ ಕೂರಿಸಿ ಊಟ ಕೊಡೋದಿಲ್ಲ. ಜ್ವರ ಬಂದಾಗ ಯಾರೂ ನೋಡಲಿಲ್ಲ. ಇವರಿಗೆ ತಾಯಿ ಇಲ್ಲವಾ?"

ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು.

ಮೇಲ್ವಿಚಾರಕಿ ಟೀ ಲೋಟ ಕೆಳಗಿಟ್ಟು ದೊಡ್ಡವಳತ್ತ ತಿರುಗಿದರು. "ನೀವೇ ಹೇಳಿ. ನಿಮ್ಮವರು ಯಾರಿದ್ದಾರೆ?"

ಅಪ್ಪ ಗೋಡೆ ನೋಡಿದ. ಚಿಕ್ಕವಳು ಉಗುರು ಕಚ್ಚತೊಡಗಿದಳು. ನನ್ನ ನಾಲಿಗೆಯ ತುದಿಗೆ ನಿಜ ಬಂದಿತ್ತು, ಆದರೆ ಆ ಅರ್ಜಿ ನನ್ನದಾಗಿತ್ತು. ಬಾಯಿಗೆ ಬೀಗ ಹಾಕಿಕೊಂಡು ಕೂತೆ, ಆ ಪಾಪ ನನ್ನದೇ.

"ಯಾರೂ ಇಲ್ಲ ಮೇಡಂ," ಎಂದಳು ದೊಡ್ಡವಳು.

"ಅಮ್ಮ?"

"ಇಲ್ಲ." ಪರದೆಯಮ್ಮನನ್ನೇ ನೋಡುತ್ತ ಹೇಳಿದಳು. "ಇವರು ಒಳ್ಳೆಯವರು. ನನಗೇನೂ ಕಮ್ಮಿ ಮಾಡಿಲ್ಲ."

ಹೆತ್ತ ಕರುಳು, ಚುರುಕ್ ಎಂದೀತು ಎಂದು ನಾನು ಪರದೆಯಮ್ಮನ ಮುಖ ನೋಡಿದೆ. ಅವಳಿಗೆ ಹೋದ ಜೀವ ಬಂದಂತಾಗಿತ್ತು. ಉಸಿರು ಬಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, "ಮೇಡಂಗೆ ಬಿಸಿ ಟೀ ತಗೊಂಡು ಬಾ," ಎಂದಳು. ಆ ಮುಖವನ್ನು ನಾನೊಬ್ಬಳೇ ನೋಡಲಿಲ್ಲ, ದೊಡ್ಡವಳೂ ನೋಡಿದಳು. ಲೋಟ ಎತ್ತಿಕೊಂಡು ಒಳಗೆ ಹೋದಳು.

ಅತಿಥಿ ಹುಡುಗಿ ದೊಡ್ಡವಳನ್ನು ತಬ್ಬಿ ಅತ್ತು ಊರಿಗೆ ಹೋದಳು. ಮರುವರ್ಷದ ಪಟ್ಟಿಯಲ್ಲಿ ಚಿಕ್ಕವಳ ಹೆಸರು ಬಂತು. ದೊಡ್ಡವಳು ಮಾತ್ರ ನನ್ನ ಹಿಂದಿನ ಕೋಣೆಯಿಂದ ಹಾಸಿಗೆ ಎತ್ತಲಿಲ್ಲ. ಎಂಟು ದಿನವಾದ ಮೇಲೆ ಒಂದು ಸಂಜೆ ಪರದೆಯಮ್ಮ ಇಳಿದು ಬಂದು ಹೊಸ್ತಿಲಲ್ಲಿ ನಿಂತಳು.

"ನಾಟಕ ಮುಗೀತಲ್ಲ, ಇನ್ನು ಮನೆಗೆ ಬಾರೇ."

ದೊಡ್ಡವಳು ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ಬೆಳಿಗ್ಗೆ ಆರಕ್ಕೆ ಬರ್ತೀನಿ," ಎಂದಳು.

ಪರದೆಯಮ್ಮ ಅಲ್ಲೇ ನಿಂತಳು. ಈಗ ಅಳುತ್ತಾಳೆ, ಈಗ ಮಗಳ ಕೈ ಹಿಡಿದು ಎಳೆಯುತ್ತಾಳೆ ಎಂದು ನಾನು ಜೀವ ಬಿಗಿಹಿಡಿದು ಕಾದೆ. ಅವಳು ಏನೋ ಲೆಕ್ಕ ಹಾಕುತ್ತಿದ್ದಳು.

"ಐದೂವರೆಗೇ ಬಾ ಹಾಗಾದ್ರೆ," ಎಂದಳು. "ನಾಳೆ ಪರದೆ ಆರ್ಡರ್ ಜಾಸ್ತಿ ಇದೆ."